ಕೈಗುಣದ ಪಾಠ

‘ಆ ಡಾಕ್ಟರ ಕೈಗುಣ ಒಳ್ಳೆಯದು’ ಎಂಬ ಮಾತು ನಮ್ಮ ಊರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಇಬ್ಬರು ವೈದ್ಯರು ಒಂದೇ ಔಷಧಿಯನ್ನು ಕೊಟ್ಟರೂ ಒಬ್ಬರ ಕೈಯಿಂದ ಬಂದದ್ದು ಬೇಗ ನಾಟುತ್ತದೆ ಎಂಬುದು ಆ ಮಾತಿನ ಹಿಂದಿರುವ ನಂಬಿಕೆ. ವಿಜ್ಞಾನವನ್ನು ಓದಿದವರು ಇದನ್ನು ಕೇಳಿ ನಸುನಗುತ್ತಾರೆ. ಔಷಧಿಯ ವಿಷಯದಲ್ಲಿ ಆ ನಗೆಗೆ ಕಾರಣವಿದ್ದೀತು. ಆದರೆ ಆಧುನಿಕ ವೈದ್ಯದ ಒಂದು ಮೂಲೆಯಲ್ಲಿ, ಅದೂ ಯಂತ್ರಗಳೇ ತುಂಬಿರುವ ಕತ್ತಲೆಯ ಕೋಣೆಯೊಂದರಲ್ಲಿ, ಕೈಗುಣವೆಂಬುದು ಇಂದಿಗೂ ಅಕ್ಷರಶಃ ನಿಜವಾಗಿ ಉಳಿದಿದೆ. ಜನ ‘ಸ್ಕ್ಯಾನಿಂಗ್’ ಎಂದು ಕರೆಯುವ ಶ್ರವಣಾತೀತ ಧ್ವನಿಯ ಪರೀಕ್ಷೆಯೇ ಆ ಮೂಲೆ. ಹಲವು ವರ್ಷಗಳಿಂದ ನಾನು ಈ ಪರೀಕ್ಷೆಯನ್ನು ಮಾಡುತ್ತಲೂ ಇತರ ವೈದ್ಯರಿಗೆ ಕಲಿಸುತ್ತಲೂ ಬಂದಿದ್ದೇನೆ. ಅದರಲ್ಲಿಯೂ ಸ್ತನದ ಪರೀಕ್ಷೆಯನ್ನು ಕಲಿಸುವ ಬಗೆ ಹೇಗೆ, ಅದು ಪುಸ್ತಕದಿಂದ ಏಕೆ ಬಾರದು, ಅದನ್ನು ಕಲಿಯದ ಕೈಯಿಂದ ಏನಾಗುತ್ತದೆ ಎಂಬುದನ್ನು ಇಂದು ವಿವರಿಸಬೇಕೆಂದಿದ್ದೇನೆ.

ಚಿತ್ರವೊಂದನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದು ವಿಚಿತ್ರವೆಂದು ಕೇಳುಗರಿಗೆ ತೋರಬಹುದು. ಆದರೆ ಈ ಚಿತ್ರಕ್ಕೆ ಶಬ್ದವೇ ಮೂಲ. ಹಲಸಿನ ಹಣ್ಣನ್ನು ಬೆರಳಿನಿಂದ ತಟ್ಟಿ, ಒಳಗೆ ತೊಳೆ ಬಲಿತಿದೆಯೆ ಇಲ್ಲವೆ ಎಂದು ಹೇಳುವ ಅಜ್ಜಿಯರನ್ನು ನೀವು ಕಂಡಿರುತ್ತೀರಿ. ತಟ್ಟಿದ ಸದ್ದು ಒಳಗೆ ಹೋಗಿ, ಒಳಗಿನ ಸಮಾಚಾರವನ್ನು ಹೊತ್ತು ಹಿಂದಿರುಗುತ್ತದೆ; ಬಲ್ಲ ಕಿವಿ ಅದನ್ನು ಓದುತ್ತದೆ. ನಮ್ಮ ಯಂತ್ರದ ತತ್ತ್ವವೂ ಇದೇ. ಕೆಲವು ಬಗೆಯ ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರಾದ ಝಾಕ್ ಮತ್ತು ಪಿಯರ್ ಕಂಡುಹಿಡಿದರು. ಅಂಥ ಹರಳಿಗೆ ವಿದ್ಯುತ್ತನ್ನು ಹರಿಸಿದರೆ ಅದು ಕಂಪಿಸಿ ಶಬ್ದವನ್ನು ಹೊರಡಿಸುತ್ತದೆ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಲಾಂಜೆವಾನ್ ಎಂಬ ಭೌತವಿಜ್ಞಾನಿ ಈ ಗುಣವನ್ನು ಬಳಸಿ, ಸಮುದ್ರದಲ್ಲಿ ಮುಳುಗಿ ಸಾಗುವ ಜಲಾಂತರ್ಗಾಮಿಗಳನ್ನು ಪ್ರತಿಧ್ವನಿಯಿಂದ ಪತ್ತೆ ಹಚ್ಚುವ ದಾರಿಯನ್ನು ತೋರಿದರು.

ಶಬ್ದವನ್ನು ಸ್ತನದ ಪರೀಕ್ಷೆಗೆ ತಂದವರಲ್ಲಿ ಮೊದಲಿಗರು ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಜಾನ್ ವೈಲ್ಡ್ ಎಂಬ ಶಸ್ತ್ರವೈದ್ಯರು. ವಿಮಾನ ನಡೆಸುವವರಿಗೆ ರೇಡಾರ್ ಕಲಿಸಲೆಂದು ನೌಕಾಪಡೆ ಇಟ್ಟುಕೊಂಡಿದ್ದ ಒಂದು ಶಬ್ದಯಂತ್ರ ಮಿನಿಯಾಪೊಲಿಸ್ ನಗರದಲ್ಲಿ ಅವರ ಕೈಗೆ ಸಿಕ್ಕಿತು. 1951 ಮತ್ತು 1952ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ, ಸೆಕೆಂಡಿಗೆ 1 ಕೋಟಿ 50 ಲಕ್ಷ ಸಲ ಕಂಪಿಸುವ ಧ್ವನಿಯಿಂದ ಸ್ತನದ ಗಂಟುಗಳನ್ನು ಪರೀಕ್ಷಿಸಿದ ವರದಿಗಳನ್ನು ಪ್ರಕಟಿಸಿದರು. ಮನುಷ್ಯನ ಕಿವಿ ಸೆಕೆಂಡಿಗೆ 20 ಸಾವಿರ ಕಂಪನಗಳ ಆಚೆಗೆ ಕೇಳಲಾರದು. ಈ ವಿದ್ಯೆಯ ಹುಟ್ಟಿನಲ್ಲಿಯೇ ತರಬೇತಿಗಾಗಿ ಮಾಡಿದ ಒಂದು ಉಪಕರಣವಿತ್ತು ಎಂಬುದು ನನಗೆ ಸದಾ ಸ್ವಾರಸ್ಯವಾಗಿ ತೋರುವ ಸಂಗತಿ.

ಇಂದಿನ ಯಂತ್ರದಲ್ಲಿ ವೈದ್ಯರು ಕೈಯಲ್ಲಿ ಹಿಡಿಯುವ ಭಾಗಕ್ಕೆ ಪ್ರೋಬ್ ಎಂದು ಹೆಸರು. ಅದರ ಬಾಯಿ ನಾಲ್ಕೈದು ಸೆಂಟಿಮೀಟರ್ ಅಗಲ. ಅದು ಶಬ್ದವನ್ನು ಒಳಗೆ ಕಳಿಸುತ್ತದೆ, ಮರಳಿ ಬಂದ ಪ್ರತಿಧ್ವನಿಯನ್ನು ತಾನೇ ಕೇಳುತ್ತದೆ. ದೇಹದ ಮೃದುವಾದ ಭಾಗಗಳಲ್ಲಿ ಶಬ್ದ ಸೆಕೆಂಡಿಗೆ 1540 ಮೀಟರ್ ವೇಗದಲ್ಲಿ ಸಾಗುತ್ತದೆಂದು ಯಂತ್ರ ಭಾವಿಸಿಕೊಂಡಿರುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 13 ಭಾಗ ಸಾಕು. ಈ ವೇಳೆಯನ್ನು ಎಣಿಸಿ, ಯಾವ ಪ್ರತಿಧ್ವನಿ ಎಷ್ಟು ಆಳದಿಂದ ಬಂದಿತೆಂದು ಲೆಕ್ಕ ಹಾಕಿ, ಅದನ್ನು ಪರದೆಯ ಮೇಲೆ ಬೆಳಕಿನ ಚುಕ್ಕೆಯಾಗಿ ಇಡುತ್ತದೆ. ಚರ್ಮಕ್ಕೂ ಪ್ರೋಬಿಗೂ ನಡುವೆ ಗಾಳಿಯ ತೆಳುಪದರವಿದ್ದರೂ ಶಬ್ದ ಅಲ್ಲಿಂದಲೇ ಹಿಂದಿರುಗಿಬಿಡುತ್ತದೆ. ತಣ್ಣಗಿನ ಆ ಲೋಳೆಯಂಥ ಜೆಲ್ಲನ್ನು ಸವರುವುದು ಅದಕ್ಕಾಗಿ.

ಇಷ್ಟೆಲ್ಲ ಯಂತ್ರವೇ ಮಾಡುವುದಾದರೆ ಕೈಯ ಪಾಲೇನು ಎಂದು ನೀವು ಕೇಳಬಹುದು. ಉತ್ತರವನ್ನು ಎಕ್ಸ್-ರೇಯೊಡನೆ ಹೋಲಿಸಿ ಹೇಳುತ್ತೇನೆ. ಮ್ಯಾಮೊಗ್ರಫಿ ಎಂಬ ಎಕ್ಸ್-ರೇ ಪರೀಕ್ಷೆಯಲ್ಲಿ ಇಡೀ ಸ್ತನದ ನೆರಳು ಚಿತ್ರದಲ್ಲಿ ಉಳಿಯುತ್ತದೆ. ಒಬ್ಬರ ಕಣ್ಣಿಗೆ ತಪ್ಪಿದ್ದನ್ನು ನಾಳೆ ಇನ್ನೊಬ್ಬರು ಕಾಣಬಹುದು. ಶಬ್ದದ ಪರೀಕ್ಷೆಯಲ್ಲಿ ಒಂದು ಕ್ಷಣಕ್ಕೆ ಕಾಣುವುದು ಮಿಲಿಮೀಟರಿನ ಆಸುಪಾಸಿನ ದಪ್ಪದ ಒಂದು ಸೀಳು ಮಾತ್ರ. ಕೈ ಹಾಯ್ದ ದಾರಿಯಷ್ಟೇ ಪರದೆಗೆ ಬರುತ್ತದೆ. ಅದರಲ್ಲಿಯೂ ಕೈ ನಿಂತು ಉಳಿಸಿಕೊಂಡದ್ದಷ್ಟೇ ದಾಖಲೆಗೆ ಸೇರುತ್ತದೆ. ಕೈ ಹೋಗದ ಜಾಗ ಯಾವ ಚಿತ್ರದಲ್ಲಿಯೂ ಇಲ್ಲ. ಅದನ್ನು ಮುಂದೆ ಯಾವ ಪಂಡಿತರೂ ಹುಡುಕಿ ತೆಗೆಯಲಾರರು. ಇಡೀ ಸ್ತನವನ್ನು ತಾನಾಗಿಯೇ ಸೆರೆಹಿಡಿಯುವ ಯಂತ್ರಗಳೂ ಈಗ ಬಂದಿವೆ. ಆದರೆ ಅವು ದುಬಾರಿ. ಮೇಲಾಗಿ ಅವು ಸಂಶಯ ತೋರಿದ ಜಾಗವನ್ನು ಮತ್ತೆ ಕೈಯಿಂದಲೇ ನೋಡಿ ನಿಶ್ಚಯಿಸಬೇಕು.

ಈ ವಿದ್ಯೆ ನಮ್ಮ ದೇಶಕ್ಕೆ ಬಹಳ ಅಗತ್ಯವಾದದ್ದು. ಭಾರತದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಸ್ತನದ್ದು. 2022ನೆಯ ಒಂದು ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಂದಿಗೆ ಹೊಸದಾಗಿ ಈ ರೋಗ ಬಂದಿತೆಂದೂ, ಸುಮಾರು 98 ಸಾವಿರ ಮಂದಿ ಇದರಿಂದ ಸತ್ತರೆಂದೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಅಂದಾಜು. ಪಶ್ಚಿಮ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ರೋಗಿಗಳ ವಯಸ್ಸೂ ಕಡಮೆ. ಹರೆಯದ ಸ್ತನದಲ್ಲಿ ಕೊಬ್ಬಿಗಿಂತ ಗ್ರಂಥಿಯ ಭಾಗ ಹೆಚ್ಚು. ಎಕ್ಸ್-ರೇ ಚಿತ್ರದಲ್ಲಿ ಗ್ರಂಥಿಯೂ ಬಿಳಿ, ಗಡ್ಡೆಯೂ ಬಿಳಿ. ಅರಳೆಯ ರಾಶಿಯಲ್ಲಿ ಅರಳೆಯ ಉಂಡೆಯನ್ನು ಹುಡುಕಿದಂತೆ. ಶಬ್ದದ ಚಿತ್ರದಲ್ಲಿ ಗ್ರಂಥಿ ಬೆಳ್ಳಗೆ, ಕೊಬ್ಬು ಬೂದುಬಣ್ಣಕ್ಕೆ, ಕ್ಯಾನ್ಸರ್ ಗಡ್ಡೆ ಸಾಮಾನ್ಯವಾಗಿ ಕಪ್ಪಗೆ ಕಾಣುತ್ತವೆ. ಇದರಲ್ಲಿ ವಿಕಿರಣದ ಭಯವಿಲ್ಲ. ಹಾಗೆಂದು ಇದು ಮ್ಯಾಮೊಗ್ರಫಿಯ ಸ್ಥಾನವನ್ನು ಪೂರ್ತಿಯಾಗಿ ತುಂಬಲಾರದು. ಕೆಲವು ಕ್ಯಾನ್ಸರುಗಳ ಮೊದಲ ಗುರುತಾದ ಸುಣ್ಣದ ಸಣ್ಣ ಕಣಗಳನ್ನು ಎಕ್ಸ್-ರೇ ತೋರುವಷ್ಟು ಚೆನ್ನಾಗಿ ಶಬ್ದ ತೋರದು.

ಜಪಾನಿನಲ್ಲಿ 40ರಿಂದ 49 ವರ್ಷದ ಸುಮಾರು 73 ಸಾವಿರ ಹೆಂಗಸರನ್ನು ಎರಡು ಪಂಗಡ ಮಾಡಿ ಪರೀಕ್ಷಿಸಿದ ಒಂದು ಅಧ್ಯಯನದ ಫಲ 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮ್ಯಾಮೊಗ್ರಫಿಯೊಂದನ್ನೇ ಮಾಡಿದ ಪಂಗಡದಲ್ಲಿ ನೂರು ಕ್ಯಾನ್ಸರುಗಳಿಗೆ 77 ಸಿಕ್ಕಿದ್ದವು. ಶಬ್ದದ ಪರೀಕ್ಷೆಯನ್ನೂ ಸೇರಿಸಿದ ಪಂಗಡದಲ್ಲಿ 91. ಆದರೆ ಅದೇ ಅಧ್ಯಯನದ ಇನ್ನೊಂದು ಮುಖವನ್ನೂ ಹೇಳಬೇಕು. ರೋಗವಿಲ್ಲದ ನೂರು ಮಂದಿಯಲ್ಲಿ ‘ನಿಮಗೇನೂ ಇಲ್ಲ’ ಎಂದು ಸರಿಯಾಗಿ ಹೇಳಿಸಿಕೊಂಡವರು ಮೊದಲ ಪಂಗಡದಲ್ಲಿ 91, ಎರಡನೆಯದರಲ್ಲಿ 88. ಎಂದರೆ ಹೆಚ್ಚು ನೋಡಿದಂತೆ ಸುಮ್ಮನೆ ಹೆದರಿದವರ ಸಂಖ್ಯೆಯೂ ಸ್ವಲ್ಪ ಬೆಳೆಯಿತು. ಆ ಅಧ್ಯಯನದಲ್ಲಿ ಪ್ರೋಬ್ ಹಿಡಿದ ವೈದ್ಯರಿಗೂ ತಂತ್ರಜ್ಞರಿಗೂ ಎರಡು ದಿನಗಳ ಒಂದೇ ಬಗೆಯ ತರಬೇತಿಯನ್ನು ಕೊಟ್ಟಿದ್ದರು. ಪಳಗಿದ ಕೈಗಳಿಂದಲೇ ಬಂದ ಫಲ ಇದಾದರೆ, ಪಳಗದ ಕೈಯಲ್ಲಿ ತಪ್ಪಿಹೋಗುವುದೂ ಹೆದರಿಸುವುದೂ ಎಷ್ಟಾಗಬಹುದೆಂದು ಊಹಿಸಿಕೊಳ್ಳಿ.

ಇನ್ನು ತರಬೇತಿಯ ಶಿಬಿರಕ್ಕೆ ಬರೋಣ. ಜಿಲ್ಲಾ ಕೇಂದ್ರಗಳಿಂದಲೂ ತಾಲ್ಲೂಕುಗಳಿಂದಲೂ ಬಂದ ಹತ್ತು ಹನ್ನೆರಡು ವೈದ್ಯರು ಇರುತ್ತಾರೆ. ಅವರಲ್ಲಿ ಹಲವರು ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ನುರಿತವರೇ. ಉಪನ್ಯಾಸ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಅವರ ಮುಂದೆ ಬರುವುದು ಅಡಿಗೆಮನೆಯ ತಿಂಡಿಯಂತೆ ಕಾಣುವ ಒಂದು ಜೆಲ್ಲಿ. ಬಿಸಿನೀರಿನಲ್ಲಿ ಜಿಲೆಟಿನ್ನನ್ನು ಕರಗಿಸಿ, ಅದಕ್ಕೆ ಮಲಬದ್ಧತೆಗೆಂದು ಅಂಗಡಿಯಲ್ಲಿ ಮಾರುವ ಇಸಬ್‌ಗೋಲನ್ನು ಬೆರೆಸುತ್ತೇವೆ. ಬರಿಯ ಜಿಲೆಟಿನ್ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ಇಸಬ್‌ಗೋಲಿನ ಸಿಪ್ಪೆ ಶಬ್ದವನ್ನು ಅಲ್ಲಲ್ಲಿ ಚೆದರಿಸಿ ಮಾಂಸಖಂಡದ ಬೂದುಬಣ್ಣವನ್ನು ತರುತ್ತದೆ. ರಬ್ಬರು ಕೈಗವಸಿನ ಬೆರಳಿಗೆ ನೀರು ತುಂಬಿ ಕಟ್ಟಿ ಹುದುಗಿಸಿದರೆ ಅದು ನೀರುಗುಳ್ಳೆ. ಬೇಯಿಸಿದ ಕ್ಯಾರೆಟ್ಟಿನ ಚೂರು ಗಟ್ಟಿಗಡ್ಡೆ. ಗಾಳಿಯ ಗುಳ್ಳೆಗಳು ಉಳಿಯದಂತೆ ಹಿಂದಿನ ದಿನವೇ ಹೊಯ್ದು ತಣಿಸಿಡಬೇಕು. ಈ ಪ್ರತಿಕೃತಿಯ ಬೆಲೆ ಕಡಮೆ. ಅದಕ್ಕೆ ನೋವಿಲ್ಲ, ನಾಚಿಕೆಯಿಲ್ಲ. ಕೈ ಇಲ್ಲಿ ನೂರು ಸಲ ತಪ್ಪಬಹುದು.

ಇಲ್ಲಿ ಕಲಿಸುವ ಮೊದಲ ಪಾಠ ಹಿಡಿತದ್ದು. ಹೊಸಬರು ಪ್ರೋಬನ್ನು ಮೇಲ್ತುದಿಯಲ್ಲಿ, ಲೇಖನಿಯನ್ನು ತುದಿಯಲ್ಲಿ ಹಿಡಿದ ಮಗುವಿನಂತೆ ಹಿಡಿಯುತ್ತಾರೆ, ಅದು ಅಲುಗಾಡುತ್ತದೆ. ಕೆಳಗೆ, ಬಾಯಿಯ ಹತ್ತಿರ ಹಿಡಿದು ಕಿರುಬೆರಳನ್ನು ಚರ್ಮದ ಮೇಲೆ ಊರಿದರೆ ಕೈ ನಿಲ್ಲುತ್ತದೆ. ಎರಡನೆಯದು ಒತ್ತಡ. ಒತ್ತಿದ್ದು ಸಾಲದಿದ್ದರೆ ಸ್ತನದ ತಂತುಗಳೇ ಕಪ್ಪು ನೆರಳನ್ನು ಚೆಲ್ಲಿ ರೋಗದಂತೆ ಕಾಣಿಸುತ್ತವೆ. ಹದವಾಗಿ ಒತ್ತಿ ಕೋನವನ್ನು ಬದಲಿಸಿದರೆ ಆ ನೆರಳು ಕರಗುತ್ತದೆ. ನಿಜವಾದ ಗಡ್ಡೆಯಾದರೆ ಹಾಗೆ ಕರಗದು. ಮೂರನೆಯದು ತಿರುಗಿಸುವುದು. ಕೊಬ್ಬಿನ ಉಂಡೆಯೊಂದು ಅಡ್ಡಸೀಳಿನಲ್ಲಿ ಗಡ್ಡೆಯಂತೆಯೇ ದುಂಡಗಿರುತ್ತದೆ. ಪ್ರೋಬನ್ನು ಕಾಲುಸುತ್ತು ತಿರುಗಿಸಿದರೆ ಅದು ಉದ್ದವಾಗಿ ಎಳೆದುಕೊಂಡು ಅಕ್ಕಪಕ್ಕದ ಕೊಬ್ಬಿನಲ್ಲಿ ಬೆರೆತುಹೋಗುತ್ತದೆ. ಇವನ್ನೆಲ್ಲ ನಾನು ಈಗ ಮಾತಿನಲ್ಲಿ ಹೇಳಿದೆ. ಆದರೆ ‘ಹದವಾಗಿ’ ಎಂಬ ಮಾತಿನ ಹದವನ್ನು ಯಾವ ಮಾತು ತಿಳಿಸೀತು? ವೀಣೆಯ ತಂತಿಯನ್ನು ಎಷ್ಟು ಎಳೆಯಬೇಕೆಂದು ಗುರು ಶಿಷ್ಯನ ಬೆರಳ ಮೇಲೆ ಬೆರಳಿಟ್ಟು ತೋರಿಸುವಂತೆ, ನಾವೂ ಕಲಿಯುವವರ ಕೈಮೇಲೆ ಕೈಯಿಟ್ಟು ತೋರಿಸಬೇಕು.

ನಾಲ್ಕನೆಯ ಪಾಠ ಒಂದು ಗುಂಡಿಯದು. ಗೇನ್ ಎಂಬ ಆ ಗುಂಡಿ ಬಾನುಲಿ ಪೆಟ್ಟಿಗೆಯ ದನಿಯನ್ನು ಏರಿಸಿ ಇಳಿಸುವ ಗುಂಡಿಯಂತೆ, ಪ್ರತಿಧ್ವನಿಯ ಬಲವನ್ನು ಏರಿಸಿ ಇಳಿಸುತ್ತದೆ. ಅತಿಯಾಗಿ ಏರಿಸಿದರೆ ತಿಳಿನೀರಿನ ಗುಳ್ಳೆಯೊಳಗೂ ಕಸ ತುಂಬಿದಂತೆ ಕಾಣುತ್ತದೆ. ಅತಿಯಾಗಿ ಇಳಿಸಿದರೆ ಗಟ್ಟಿಗಡ್ಡೆಯೂ ನೀರಿನಂತೆ ಕಪ್ಪಗಾಗುತ್ತದೆ. ಈ ಗುಂಡಿಯ ಬೆಲೆ ಏನೆಂಬುದಕ್ಕೆ ಒಂದು ಪ್ರಸಂಗವನ್ನು ಹೇಳುತ್ತೇನೆ. 34 ವರ್ಷದ ಶಾಲಾ ಶಿಕ್ಷಕಿಯೊಬ್ಬರು ತಮ್ಮ ಗಂಟನ್ನು ಬೇರೊಂದೆಡೆ ತೋರಿಸಿ, ‘ನೀರುಗುಳ್ಳೆ, ಚಿಂತೆಯಿಲ್ಲ’ ಎಂಬ ವರದಿಯನ್ನು ಪಡೆದು, ಆರು ತಿಂಗಳು ನೆಮ್ಮದಿಯಿಂದಿದ್ದು, ಗಂಟು ದೊಡ್ಡದಾಯಿತೆಂದು ನನ್ನಲ್ಲಿಗೆ ಬಂದರು. ಅದು ಗಟ್ಟಿಗಡ್ಡೆ; ಕಂಕುಳಿನ ಗ್ರಂಥಿಗಳನ್ನೂ ಆಗಲೇ ತಲುಪಿತ್ತು. ಹಳೆಯ ಚಿತ್ರವನ್ನು ತೆಗೆದು ನೋಡಿದೆ. ಬೂದುಬಣ್ಣಕ್ಕಿರಬೇಕಾದ ಕೊಬ್ಬೂ ಅದರಲ್ಲಿ ಕಪ್ಪಾಗಿತ್ತು. ಗುಂಡಿಯನ್ನು ಇಳಿಸಿಟ್ಟಿದ್ದುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆಕೆ ನನ್ನನ್ನು ಕೇಳಿದ್ದು ಒಂದೇ ಮಾತು: “ಆ ಮೆಷಿನ್ ಸರಿ ಇರಲಿಲ್ವಾ, ಡಾಕ್ಟ್ರೇ?”

ಯಂತ್ರ ಸರಿಯಾಗಿಯೇ ಇತ್ತು. ಅದನ್ನು ಹಿಡಿದವರನ್ನು ಅಸಡ್ಡೆಯವರೆಂದು ಹೇಳಲು ನನಗೆ ಮನಸ್ಸಿಲ್ಲ. ವೇಗವಾಗಿ ಬೆಳೆಯುವ ಕೆಲವು ಕ್ಯಾನ್ಸರುಗಳು ದುಂಡಗೆ, ಅಂಚು ನಯವಾಗಿ, ನೀರುಗುಳ್ಳೆಯ ವೇಷದಲ್ಲಿಯೇ ಬರುತ್ತವೆ. ಗುಂಡಿಯನ್ನು ಏರಿಸಿ ನೋಡು, ರಕ್ತದ ಹರಿವು ಇದೆಯೆ ನೋಡು, ಸಂಶಯ ಉಳಿದರೆ ಸೂಜಿ ಹಾಕು ಎಂದು ಯಾರಾದರೂ ಪಕ್ಕದಲ್ಲಿ ನಿಂತು ಕಲಿಸದೆ ಅದು ತಾನಾಗಿ ಬಾರದು. ನಮ್ಮಲ್ಲಿ ಈ ಕಲಿಕೆಗೆ ಏರ್ಪಾಡು ತೆಳು. ಗರ್ಭದಲ್ಲಿರುವ ಹೆಣ್ಣುಮಗುವನ್ನು ಉಳಿಸುವ ಸಲುವಾಗಿ 1994ರಲ್ಲಿ ಬಂದ ಕಾನೂನು ಸ್ಕ್ಯಾನಿಂಗ್ ಯಂತ್ರಗಳ ನೋಂದಣಿಯನ್ನು ಕಡ್ಡಾಯ ಮಾಡಿತು. ಅದು ಬೇಕಾಗಿದ್ದ ಕಟ್ಟುಪಾಡು. ಅದರ ಅಡಿಯಲ್ಲಿ 2014ರಲ್ಲಿ ರೂಪಿಸಿದ ನಿಯಮಗಳು ಎಂ.ಬಿ.ಬಿ.ಎಸ್. ವೈದ್ಯರಿಗೆ ಆರು ತಿಂಗಳ, 300 ಗಂಟೆಗಳ ತರಬೇತಿಯನ್ನು ಹೇಳಿದವು. ಆದರೆ ಆ ತರಬೇತಿಯ ಹೆಸರೇ ಹೇಳುವಂತೆ ಅದು ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಪರೀಕ್ಷೆಗೆ ಸಂಬಂಧಿಸಿದ್ದು. ಸ್ತನದ ಪರೀಕ್ಷೆಯನ್ನು ವೈದ್ಯರು ರೇಡಿಯಾಲಜಿಯ ಸ್ನಾತಕೋತ್ತರ ಓದಿನಲ್ಲಿಯೋ, ಆಮೇಲೆ ಇಂಥ ಶಿಬಿರಗಳಲ್ಲಿಯೋ ಕಲಿಯಬೇಕು.

ಮಧ್ಯಾಹ್ನದ ಮೇಲೆ ಜೆಲ್ಲಿಯಿಂದ ಜೀವಂತ ದೇಹಕ್ಕೆ ಬರುತ್ತೇವೆ. ಇದಕ್ಕಾಗಿ ಕೆಲವರು ಹೆಂಗಸರು ತಾವಾಗಿ ಒಪ್ಪಿ ಬರುತ್ತಾರೆ. ಪರದೆ ಕಟ್ಟಿ, ಹೊದಿಕೆ ಹೊದಿಸಿ, ದಾದಿಯೊಬ್ಬರು ಪಕ್ಕದಲ್ಲಿ ನಿಲ್ಲುತ್ತಾರೆ. ಮಲಗಿದವರನ್ನು ಸ್ವಲ್ಪ ಮಗ್ಗುಲಿಗೆ ತಿರುಗಿಸಿ, ಕೈಯನ್ನು ತಲೆಯ ಮೇಲಕ್ಕೆ ಎತ್ತಿಸಿದರೆ ಸ್ತನ ಎದೆಯ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಎದೆಯ ಸ್ನಾಯುವಿನವರೆಗೂ ಶಬ್ದ ತಲುಪುತ್ತದೆ. ತೊಟ್ಟನ್ನು ಗಡಿಯಾರದ ನಡುವೆಂದು ಎಣಿಸಿ, ಒಂದೊಂದು ಗಂಟೆಯ ದಿಕ್ಕಿನಲ್ಲಿಯೂ ಕೈ ಸಾಗಬೇಕು. ಹೊಲ ಉಳುವವನು ಒಂದು ಸಾಲಿಗೆ ತಗುಲಿದಂತೆ ಮುಂದಿನ ಸಾಲನ್ನು ಹೂಡುವ ಹಾಗೆ, ಒಂದು ದಾರಿ ಇನ್ನೊಂದರ ಅಂಚನ್ನು ಮುಟ್ಟಿಕೊಂಡೇ ಹೋಗಬೇಕು.

ಹೀಗೆ ಒಮ್ಮೆ ಬಂದಿದ್ದ ಅಂಗನವಾಡಿ ಕಾರ್ಯಕರ್ತೆಯೊಬ್ಬರು, ಮೂರು ನಾಲ್ಕು ಮಂದಿ ವೈದ್ಯರು ನೋಡಿ ಹೋದ ಮೇಲೆ ನನ್ನನ್ನು ಕರೆದು ಹೇಳಿದರು: “ಅವರು ಕಲೀಲಿ ಅಂತ್ಲೇ ಬಂದಿದ್ದೀನಿ ಮೇಡಂ. ಆದ್ರೆ ಮೊದ್ಲು ನನ್ನ ಮುಖ ನೋಡಿ ಒಂದು ಮಾತಾಡ್ಲಿ, ಆಮೇಲೆ ಮೆಷಿನ್ ನೋಡ್ಲಿ.” ಅಂದಿನಿಂದ ನಮ್ಮ ಶಿಬಿರಗಳಲ್ಲಿ ಅದೇ ಮೊದಲ ನಿಯಮ. ಪ್ರತಿಯೊಬ್ಬ ವೈದ್ಯರೂ ತಮ್ಮ ಹೆಸರನ್ನು ಹೇಳಿ, ಅನುಮತಿ ಕೇಳಿ, ನೋವಾದರೆ ಹೇಳಿ ಎಂದು ತಿಳಿಸಿ, ಆಮೇಲೆ ಪ್ರೋಬನ್ನು ಇಡಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಅಭ್ಯಾಸಕ್ಕೆಂದು ಮಲಗಿದವರಲ್ಲಿಯೇ ಸಂಶಯದ ಗಂಟು ಕಂಡರೆ? ಕಲಿಯುವವರ ಮುಖ ಬದಲಾದರೆ ಸಾಕು, ಮಲಗಿದವರ ಎದೆ ಒಡೆಯುತ್ತದೆ. ಆದ್ದರಿಂದ ಏನಾದರೂ ಕಂಡರೆ ತಿಳಿಸಬೇಕೆ, ಯಾರು ತಿಳಿಸಬೇಕು, ಮುಂದಿನ ಪರೀಕ್ಷೆ ಎಲ್ಲಿ ಎಂಬುದನ್ನು ಅವರೊಡನೆ ಮೊದಲೇ ಕುಳಿತು ಮಾತನಾಡಿ ನಿಶ್ಚಯಿಸಿರುತ್ತೇವೆ. ಇದು ಶಿಷ್ಟಾಚಾರಕ್ಕೆ ಸೇರಿದ್ದೆಂದು ಕೆಲವರು ತಿಳಿಯುತ್ತಾರೆ. ನನ್ನ ಎಣಿಕೆಯಲ್ಲಿ ಇದು ಪಾಠದ್ದೇ ಒಂದು ಭಾಗ. ಹೆದರಿ ಬಿಗಿದುಕೊಂಡ ದೇಹದ ಮೇಲೆ ಪ್ರೋಬ್ ಸರಿಯಾಗಿ ಕೂರುವುದಿಲ್ಲ.

ಕೊನೆಯ ಅಭ್ಯಾಸ ಸೂಜಿಯದು. ಗಡ್ಡೆಯ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ಕ್ಯಾನ್ಸರೆಂದು ನಿಶ್ಚಯಿಸಲಾಗದು. ಆ ಚೂರನ್ನು ತೆಗೆಯುವ ಸೂಜಿ ಶಬ್ದದ ತೆಳುವಾದ ಸೀಳಿನೊಳಗೇ ಸಾಗಬೇಕು; ಸ್ವಲ್ಪ ಓರೆಯಾದರೂ ಪರದೆಯಿಂದ ಮಾಯವಾಗುತ್ತದೆ. ಎದೆಗೂಡಿಗೆ ಸಮಾನಾಂತರವಾಗಿ ಸಾಗದಿದ್ದರೆ ಶ್ವಾಸಕೋಶಕ್ಕೆ ಅಪಾಯ. ಒಂದು ಕೈಯಲ್ಲಿ ಪ್ರೋಬ್, ಇನ್ನೊಂದರಲ್ಲಿ ಸೂಜಿ, ಕಣ್ಣು ಪರದೆಯ ಮೇಲೆ. ಈ ಮೂರನ್ನು ಕೂಡಿಸುವುದನ್ನು ಮತ್ತೆ ಜೆಲ್ಲಿಯ ಮೇಲೆಯೇ ಕಲಿಸುತ್ತೇವೆ. ಸೂಜಿಯ ಬಾಯಿಯನ್ನು ತೆರೆದಾಗ ಕ್ಯಾರೆಟ್ಟಿನ ಕೇಸರಿ ಎಳೆ ಕಂಡರೆ ಗುರಿ ತಲುಪಿತೆಂದರ್ಥ. ಇಪ್ಪತ್ತು ವರ್ಷ ಅನುಭವವಿದ್ದ ವೈದ್ಯರೊಬ್ಬರು ಆ ಎಳೆಯನ್ನು ಕಂಡು ಮಗುವಿನಂತೆ ನಕ್ಕದ್ದನ್ನು ನಾನು ನೋಡಿದ್ದೇನೆ.

ಕಂಡದ್ದನ್ನು ಬರೆಯುವ ಭಾಷೆಯನ್ನೂ ಕಲಿಸಬೇಕು. ಒಂದು ಕಾಲದಲ್ಲಿ ಶಬ್ದದ ಪರೀಕ್ಷೆಯ ಕೆಲಸ ನೀರುಗುಳ್ಳೆಯೋ ಗಟ್ಟಿಗಡ್ಡೆಯೋ ಎಂದು ಹೇಳುವಷ್ಟಕ್ಕೇ ನಿಂತಿತ್ತು. 1995ರಲ್ಲಿ ಅಮೆರಿಕದ ಸ್ಟಾವ್ರೋಸ್ ಮತ್ತು ಅವರ ಸಂಗಡಿಗರು 750 ಗಟ್ಟಿಗಡ್ಡೆಗಳನ್ನು ಅಭ್ಯಸಿಸಿ, ಅಗಲಕ್ಕಿಂತ ಎತ್ತರ ಹೆಚ್ಚಾಗಿರುವುದು, ಅಂಚು ಮುಳ್ಳುಮುಳ್ಳಾಗಿರುವುದು, ಹಿಂದೆ ನೆರಳು ಬೀಳುವುದು ಮೊದಲಾದ ಲಕ್ಷಣಗಳಿಂದ ಕೆಟ್ಟ ಗಡ್ಡೆಯನ್ನು ಗುರುತಿಸಬಹುದೆಂದು ತೋರಿಸಿದರು. ಅಮೆರಿಕದ ರೇಡಿಯಾಲಜಿ ಕಾಲೇಜು ಬೈ-ರ್‍ಯಾಡ್ಸ್ ಎಂಬ ತನ್ನ ವರದಿಯ ಪದ್ಧತಿಗೆ 2003ರಲ್ಲಿ ಶಬ್ದದ ಪರೀಕ್ಷೆಯನ್ನೂ ಸೇರಿಸಿತು. ಅದರಲ್ಲಿ 3ನೆಯ ವರ್ಗವೆಂದರೆ ಕ್ಯಾನ್ಸರಿನ ಸಂಭವ ನೂರಕ್ಕೆ 2ನ್ನು ಮೀರದು, ಕಾದು ನೋಡಬಹುದು. 5ನೆಯದೆಂದರೆ ನೂರಕ್ಕೆ 95 ಅಥವಾ ಹೆಚ್ಚು. ‘ಗಂಟು ಇದೆ, ಪರಿಶೀಲಿಸಿ’ ಎಂಬ ಒಂದು ಸಾಲಿನ ವರದಿಗೂ, ‘ಎಡಸ್ತನ, 2 ಗಂಟೆಯ ದಿಕ್ಕು, ತೊಟ್ಟಿನಿಂದ 4 ಸೆಂಟಿಮೀಟರ್, 4ನೆಯ ವರ್ಗ, ಬಯಾಪ್ಸಿ ಬೇಕು’ ಎಂಬ ವರದಿಗೂ ನಡುವೆ ಒಬ್ಬ ಹೆಂಗಸಿನ ಆರು ತಿಂಗಳ ಆಯುಸ್ಸು ಇರಬಹುದು.

ಇಷ್ಟನ್ನು ಒಂದೆರಡು ದಿನಗಳಲ್ಲಿ ಕಲಿತು ಪ್ರಮಾಣಪತ್ರ ಪಡೆದವರ ಕೈ ಪಳಗಿತೆಂದು ನಾನು ಹೇಳಲಾರೆ. ಶಿಬಿರ ದಾರಿಯನ್ನು ತೋರಿಸುತ್ತದೆ, ನಡೆಯುವುದು ಊರಿಗೆ ಹಿಂದಿರುಗಿದ ಮೇಲೆ. ಬೀಳ್ಕೊಡುವಾಗ ನಾನು ಅವರಿಗೆ ಒಂದು ನೋಟುಪುಸ್ತಕ ಇಡಲು ಹೇಳುತ್ತೇನೆ. ಎಡಪುಟದಲ್ಲಿ ತಾವು ಪರದೆಯಲ್ಲಿ ಕಂಡು ಊಹಿಸಿದ್ದು, ಬಲಪುಟದಲ್ಲಿ ಬಯಾಪ್ಸಿ ಹೇಳಿದ್ದು. ವರ್ಷ ಕಳೆದ ಮೇಲೆ ಎರಡೂ ಪುಟಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಬೇರೆ ಗುರು ಬೇಕಿಲ್ಲ.

ಕೇಳುಗರಲ್ಲಿ ಹೆಂಗಸರಿಗೂ ಒಂದು ಮಾತು ಹೇಳಬೇಕು. ಗಂಟು ಮೊದಲು ಸಿಕ್ಕುವುದು ಬಹಳ ಸಲ ನಿಮ್ಮ ಬೆರಳಿಗೇ. ಪರೀಕ್ಷೆಗೆ ಮಲಗಿದಾಗ ‘ಇಲ್ಲಿದೆ’ ಎಂದು ಬೆರಳಿಟ್ಟು ತೋರಿಸಿ, ಪ್ರೋಬ್ ಅದೇ ಜಾಗದ ಮೇಲೆ ಬರುವವರೆಗೆ ಬೆರಳನ್ನು ತೆಗೆಯಬೇಡಿ. ಸಂಕೋಚಪಡಬೇಕಾದ್ದೇನೂ ಇಲ್ಲ. ಚೆನ್ನಾಗಿ ಕಲಿತ ವೈದ್ಯರು ನಿಮ್ಮನ್ನು ಮೊದಲು ಕೇಳುವುದೇ ಅದನ್ನು. ಕೇಳದಿದ್ದರೆ ನೀವೇ ಹೇಳಿ.